ತೀರ್ಪಿಗೆ ಮುಂಚಿನ ದಿನಗಳು



ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಸಾಗುವ ಹೆದ್ದಾರಿಯಿಂದ ಮುಂಡಗೋಡದ ಹಾದಿ ಕವಲೊಡೆಯುವಲ್ಲಿ ನಮ್ಮ ತಡಸವಿದೆ. ಗಂಡನ ಮನೆಯನ್ನು ಬಿಟ್ಟು ತವರಿಗೆ ಹೊರಟ ಹೆಣ್ಣುಮಗಳೊಬ್ಬಳು, ಬಗಲಲ್ಲಿ ಕೂಸನ್ನೂ ಕೈಯಲ್ಲಿ ಗಂಟನ್ನೂ ಹಿಡಿದು, ಈ ಕ್ರಾಸಿನಲ್ಲಿ ಬಸ್ಸಿಗಾಗಿ ನಿಂತಿರುವಳೆಂದು ಭಾವಿಸೋಣ. ನ್ಯಾಯಾಲಯದ ಅಂತಿಮ ತೀರ್ಪಿಗೆ ಎಷ್ಟು ವರ್ಷ ಹಿಡಿದೀತೋ ಬಲ್ಲವರಿಲ್ಲ. ಕೂಸಿಗಾದರೋ ಆ ಸಂಜೆಯೇ ಹಾಲು ಬೇಕು. ಆ ಸಂಜೆಗೂ ಆ ತೀರ್ಪಿಗೂ ನಡುವಣ ಕಾಲವನ್ನು ಕಾನೂನು ಹೇಗೆ ಗುರುತಿಸುತ್ತ ಬಂದಿತೆಂಬುದನ್ನು ಈಗ ನಿರೂಪಿಸುವೆನು.

ಆ ಗಂಟಿನೊಳಗಿನ ಬೋರಮಾಳ ಸರ ಯಾರದೆಂಬ ಪ್ರಶ್ನೆಗೆ ಕನ್ನಡ ನೆಲದಲ್ಲಿಯೇ ಬಹು ಹಿಂದೆ ಉತ್ತರ ದೊರೆತಿತ್ತು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳಿಕೆಯ ಕಾಲದಲ್ಲಿ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು, ತಂದೆತಾಯಿಗಳೂ ಸೋದರರೂ ಕೊಟ್ಟುದನ್ನು ಮಾತ್ರವಲ್ಲದೆ, ದಾಯವಾಗಿ ಬಂದುದನ್ನೂ ಕ್ರಯಕ್ಕೆ ಕೊಂಡುದನ್ನೂ ಸ್ತ್ರೀಧನವೆಂದೇ ಪರಿಗಣಿಸಿದನು. ದುರ್ಭಿಕ್ಷ, ಧರ್ಮಕಾರ್ಯ, ವ್ಯಾಧಿ, ಬಂಧನ ಇವುಗಳಲ್ಲಿ ಪತಿಯು ಅದನ್ನು ಬಳಸಿಕೊಂಡರೆ ಹಿಂದಿರುಗಿಸಬೇಕಾಗಿಲ್ಲವೆಂದು, ಆತನು ವ್ಯಾಖ್ಯಾನಿಸಿದ ಸ್ಮೃತಿಯಲ್ಲಿ ಯಾಜ್ಞವಲ್ಕ್ಯನ ವಿಧಿ. ಧರ್ಮಕಾರ್ಯವು ಆಪತ್ತುಗಳ ಸಾಲಿನಲ್ಲಿ ಹೇಗೆ ಬಂದು ಕುಳಿತಿತೋ, ಪಂಡಿತರೇ ಹೇಳಬೇಕು. ಇತ್ತ ಊರುಗಳಲ್ಲಿ, ಅನೇಕ ಸಮುದಾಯಗಳೊಳಗೆ, ದೈವದ ಹಿರಿಯರು ಕೂಡಿ ಸೋಡಚೀಟಿಯೆಂಬ ಬಿಡುಗಡೆಯ ಪತ್ರ ಬರೆಸುವುದೂ ಆ ಬಳಿಕ ಉಡಿಕೆಯೆಂಬ ಮರುಮದುವೆಯಾಗುವುದೂ ರೂಢಿಯಲ್ಲಿತ್ತು. ಕಟ್ಟೆಯ ಮೇಲೆಯೇ ಮುಗಿದುಹೋಗುವ ನ್ಯಾಯಕ್ಕೆ ‘ಮಧ್ಯಂತರ’ವೆಂಬ ಮಾತಿನ ಅಗತ್ಯ ತೋರದಿದ್ದುದು ಸಹಜವೇ.

ಆ ಮಾತು ಬಂದುದು ಸಮುದ್ರದಾಚೆಯಿಂದ, ಅದೂ ಒಂದು ವಿಪರೀತ ಕಾರಣಕ್ಕಾಗಿ. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ವಿವಾಹದೊಡನೆ ಸ್ತ್ರೀಯ ಚರಸ್ವತ್ತು ಪತಿಯದಾಗುತ್ತಿತ್ತು. ವ್ಯಾಜ್ಯ ಹೂಡಲು ಆಕೆಯ ಕೈಯಲ್ಲಿ ಕಾಸಿಲ್ಲದುದರಿಂದ, ವ್ಯಾಜ್ಯ ಮುಗಿಯುವವರೆಗಿನ ಅನ್ನವನ್ನೂ ವೆಚ್ಚವನ್ನೂ ಪತಿಯೇ ಭರಿಸಬೇಕೆಂದು ಅಲ್ಲಿಯ ಚರ್ಚಿನ ನ್ಯಾಯಾಲಯಗಳು ವಿಧಿಸುತ್ತಿದ್ದವು. ಏನೂ ಇಲ್ಲದವಳಿಗೆ ನಡುಗಾಲದ ಅನ್ನವಿತ್ತು. ಸ್ತ್ರೀಧನವುಳ್ಳ ನಮ್ಮವಳಿಗೆ ಅದಿರಲಿಲ್ಲ! 1869ರ ವಿಚ್ಛೇದನ ಕಾಯಿದೆಯು ಈ ಪದ್ಧತಿಯನ್ನು ಭಾರತದ ಕ್ರೈಸ್ತರಿಗೆ ಅನ್ವಯಿಸಿ, ಪತಿಯ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಆದಾಯದ ಐದನೆಯ ಒಂದು ಪಾಲನ್ನು ಮೀರಬಾರದೆಂದು ಗೆರೆ ಎಳೆಯಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಸೀಮೆಯ ಇತರ ಸ್ತ್ರೀಯರಿಗೆ ಮ್ಯಾಜಿಸ್ಟ್ರೇಟರು ಕೊಡಿಸುವ ಪೋಟಗಿ, ಅಂದರೆ ಜೀವನಾಂಶವೊಂದೇ ಸುಲಭದ ದಾರಿ. 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೆಯ ಕಲಮಿನಂತೆ ಅದು ತಿಂಗಳಿಗೆ ಐವತ್ತು ರೂಪಾಯಿಗಳನ್ನು ಮೀರುವಂತಿರಲಿಲ್ಲ.

ಹಿಂದೂ ದಂಪತಿಗಳ ಪಾಲಿಗೆ ದೊಡ್ಡ ತಿರುವು 1955ರ ವಿವಾಹ ಕಾಯಿದೆ. ಅದರ 24ನೆಯ ಕಲಮು, ಸ್ವಂತ ಆದಾಯ ಸಾಲದ ಪತ್ನಿಗಷ್ಟೇ ಅಲ್ಲ, ಅಂಥ ಪತಿಗೂ ನಡುಗಾಲದ ಜೀವನಾಂಶವನ್ನು ಕೇಳುವ ಹಕ್ಕನ್ನಿತ್ತಿತು. 26ನೆಯದು ಮಕ್ಕಳ ಸುಪರ್ದಿ, ಪೋಷಣೆ, ಶಿಕ್ಷಣಗಳ ಬಗೆಗೆ ಕಾಲಕಾಲಕ್ಕೆ ಆದೇಶ ನೀಡಲು ಅನುವು ಮಾಡಿತು. 27ನೆಯದು ಮದುವೆಯ ಆಸುಪಾಸಿನಲ್ಲಿ ಬಂದ ಜಂಟಿ ವಸ್ತುಗಳನ್ನು ಮಾತ್ರ ಮುಟ್ಟಿತು. ಇದೇ ಕಾಯಿದೆ ಸೋಡಚೀಟಿಯಂಥ ರೂಢಿಗತ ವಿಚ್ಛೇದನವನ್ನೂ ಉಳಿಸಿಕೊಂಡಿತೆಂಬುದು ಗಮನಾರ್ಹ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದು 1956ರ ಪೋಷಕತ್ವ ಕಾಯಿದೆ ಹೇಳಿತು.

ಮಗುವಿನ ವಿಷಯದಲ್ಲಿ ‘ಮಧ್ಯಂತರ’ವೆಂಬ ಶಬ್ದವೇ ನನಗೆ ಸಂದೇಹಾಸ್ಪದವಾಗಿ ತೋರುತ್ತದೆ. ಹಣದ ಆದೇಶವನ್ನು ಮುಂದೆ ತಿದ್ದಬಹುದು, ಬಾಕಿಯನ್ನು ವಸೂಲು ಮಾಡಬಹುದು. ಆದರೆ ತಾತ್ಕಾಲಿಕವೆಂದು ಒಂದು ಮನೆಗೆ ಹೋದ ಮಗು ಅಲ್ಲಿಯ ಶಾಲೆಗೆ ಸೇರಿ, ಅಲ್ಲಿಯ ಗೆಳೆಯರನ್ನು ಕೂಡಿಕೊಂಡು, ಮೂರು ಮಳೆಗಾಲ ಕಳೆದ ಮೇಲೆ ಅದನ್ನು ಅಲ್ಲಿಂದ ಕೀಳಲು ಯಾವ ನ್ಯಾಯಾಧೀಶರಿಗೂ ಮನಸ್ಸಾಗುವುದು ಕಷ್ಟ. ಆದುದರಿಂದಲೇ ಭಾನುವಾರದ ಭೇಟಿ, ರಜೆಯ ಒಂದು ವಾರ ಮುಂತಾದ ಸಣ್ಣ ಏರ್ಪಾಡುಗಳು ಅಂತಿಮ ತೀರ್ಪಿನಷ್ಟೇ ತೂಕವುಳ್ಳವು.

1984ರಲ್ಲಿ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆ ಬಂದಿತು. ಮರುವರ್ಷ ಸುಪ್ರೀಂ ಕೋರ್ಟು ಎರಡು ಮಾತುಗಳನ್ನು ಸ್ಪಷ್ಟಪಡಿಸಿತು: ಸ್ತ್ರೀಧನಕ್ಕೆ ಪತ್ನಿಯೇ ಪೂರ್ಣ ಒಡತಿ, ಮ್ಯಾಜಿಸ್ಟ್ರೇಟರೂ ಮಧ್ಯಂತರ ಜೀವನಾಂಶ ಕೊಡಿಸಬಲ್ಲರು. 2001ರ ತಿದ್ದುಪಡಿಗಳು ಇಂಥ ಅರ್ಜಿಯನ್ನು ಸಾಧ್ಯವಾದಮಟ್ಟಿಗೆ ನೋಟೀಸು ಮುಟ್ಟಿದ 60 ದಿನಗಳೊಳಗೆ ತೀರಿಸತಕ್ಕದ್ದೆಂದವು. ಆ ದಿನಗಳನ್ನು ವಕೀಲರು ಎಣಿಸುವ ಬಗೆಯೂ ತವರಿನವರು ಎಣಿಸುವ ಬಗೆಯೂ ಬೇರೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ, ಮನೆ ಯಾರ ಹೆಸರಿನಲ್ಲಿದ್ದರೂ ಕೂಡಿ ಬಾಳಿದ ಸೂರಿನಿಂದ ಹೆಣ್ಣುಮಗಳನ್ನು ಹೊರಹಾಕದಂತೆ ಮಧ್ಯಂತರ ರಕ್ಷಣೆಯನ್ನು ಸಾಧ್ಯವಾಗಿಸಿತು.

ಜೀವನಾಂಶದ ಲೆಕ್ಕದಲ್ಲಿ ಇನ್ನುಳಿದುದು ಹೊಲದ ಮಾತು. ಸಂಬಳದವನ ಆದಾಯ ಚೀಟಿಯಲ್ಲಿ ಸಿಕ್ಕೀತು. ಹಿಸ್ಸೆಯಾಗದ, ಉತಾರದಲ್ಲಿ ಇನ್ನೂ ಅಜ್ಜನ ಹೆಸರನ್ನೇ ಹೊತ್ತ ಹೊಲದಲ್ಲಿ ಗೋವಿನಜೋಳ ಬೆಳೆಯುವವನು ‘ನನ್ನದೆಂಬುದು ಏನೂ ಇಲ್ಲರೀ’ ಎಂದು ಕೈಮುಗಿದು ನಿಂತರೆ ಏನು ಮಾಡುವುದು? 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ಆಸ್ತಿ ಋಣಗಳ ಪ್ರಮಾಣಪತ್ರವನ್ನು ಇಬ್ಬರೂ ಸಲ್ಲಿಸಬೇಕೆಂದೂ, ಜೀವನಾಂಶವನ್ನು ಅರ್ಜಿಯ ದಿನದಿಂದಲೇ ಲೆಕ್ಕ ಹಿಡಿಯಬೇಕೆಂದೂ ವಿಧಿಸಿದಾಗ, ಒಕ್ಕಲುತನದವರಿಗಾಗಿ ಬೇರೆಯೇ ಒಂದು ನಮೂನೆಯನ್ನು ಜೋಡಿಸಿತು. ಅದು ಭೂಮಿ ಎಷ್ಟು, ನೀರಾವರಿಯೋ ಖುಷ್ಕಿಯೋ, ಬೆಳೆ ಯಾವುದು, ಸಾಲವೆಷ್ಟು ಎಂದು ಕೇಳುತ್ತದೆ. ಎಮ್ಮೆ, ಆಡು, ಕೋಳಿಗಳನ್ನೂ ಬಿಡದೆ ಕೇಳುತ್ತದೆ.