ಭಯದ ಕಂದಾಯ, ನ್ಯಾಯದ ಸಾಕ್ಷಿ

(ಡೊಂಬಿವಲಿಯಲ್ಲಿ ಕನ್ನಡ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಇಂಥ ವೇದಿಕೆಯಲ್ಲಿ ಸಾಹಿತ್ಯವನ್ನೋ ಯಕ್ಷಗಾನವನ್ನೋ ಕುರಿತು ಮಾತನಾಡುವುದು ವಾಡಿಕೆ. ಸಂಘಟಿತ ಅಪರಾಧವನ್ನು ಕುರಿತು ಮಾತನಾಡಲು ನಾನು ಒಪ್ಪಿದಾಗ ಹಿತೈಷಿಗಳೊಬ್ಬರು, "ಅದು ಪೊಲೀಸರ ವಿಷಯ, ನಮಗೇಕೆ?" ಎಂದರು. ಅವರ ಆ ಪ್ರಶ್ನೆಗೆ ಉತ್ತರ ಹೇಳುವುದೇ ಇಂದಿನ ನನ್ನ ಉದ್ದೇಶ.

ಕರಾವಳಿಯಿಂದ ಬರಿಗೈಯಲ್ಲಿ ಬಂದು, ಹಗಲು ತಟ್ಟೆ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಕೊನೆಗೆ ಸ್ವಂತ ಹೋಟೆಲು ಕಟ್ಟಿದ ಹಿರಿಯರ ಕಥೆಯನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅದೇ ಕಥೆಯ ಇನ್ನೊಂದು ಅಧ್ಯಾಯವನ್ನು ಮಾತ್ರ ಹೇಳುವುದಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದ ದೂರವಾಣಿ ಮೊಳಗಿದರೆ ಎದೆ ನಡುಗುತ್ತಿದ್ದ ಕಾಲವೊಂದಿತ್ತು. ಮರಾಠಿಯಲ್ಲಿ ಇದಕ್ಕೆ 'ಖಂಡಣಿ' ಎನ್ನುತ್ತಾರೆ. ನಾವು ಖಂಡಣಿಯನ್ನು ತೆತ್ತೆವೇ ಹೊರತು ಖಂಡಿಸಲಿಲ್ಲ.

ನುಂಗಲು ಕಷ್ಟವಾದ ಇನ್ನೊಂದು ಮಾತಿದೆ. ಬೆದರಿಕೆಗೆ ಗುರಿಯಾದವರಲ್ಲಿ ನಮ್ಮವರಿದ್ದಂತೆ, ಬೆದರಿಸಿದ ಆರೋಪ ಹೊತ್ತವರಲ್ಲಿಯೂ ನಮ್ಮ ನಾಡಿನ ಹೆಸರುಗಳಿವೆ. ಮಲ್ಪೆ ಮೂಲದ ರವಿ ಪೂಜಾರಿಯನ್ನು 2020ರ ಫೆಬ್ರವರಿಯಲ್ಲಿ ಸೆನೆಗಲ್ ದೇಶದಿಂದ ಬೆಂಗಳೂರಿಗೆ ಕರೆತರಲಾಯಿತು. 2021ರ ಡಿಸೆಂಬರಿನಲ್ಲಿ ಫಿಲಿಪ್ಪೀನ್ಸಿನಿಂದ ಗಡೀಪಾರಾಗಿ ಬಂದ ಸುರೇಶ್ ಪೂಜಾರಿಯ ಮೇಲಿದ್ದ ಸುಲಿಗೆಯ ಆರೋಪಗಳಲ್ಲಿ ಅನೇಕವು ನಮ್ಮ ಈ ಥಾಣೆ ಜಿಲ್ಲೆಯವೇ. ಇಂಥವರ ವಿಷಯ ಬಂದಾಗ "ಏನೇ ಆಗಲಿ, ನಮ್ಮೂರಿನವನು" ಎಂದು ನಗುವವರನ್ನು ನಾನು ಮದುವೆ ಮನೆಗಳಲ್ಲಿ ಕಂಡಿದ್ದೇನೆ. ಆ ನಗೆಯಲ್ಲಿ ಭಯವೂ ಇದೆ, ಅಷ್ಟಿಷ್ಟು ಹೆಮ್ಮೆಯೂ ಇದೆ. ಎರಡೂ ಸುಲಿಗೆಕೋರನಿಗೆ ಬಂಡವಾಳವೇ.

ಕಾನೂನು ಈ ಪಿಡುಗನ್ನು ಎದುರಿಸಿದ ಬಗೆಯನ್ನು ಸ್ವಲ್ಪ ನೋಡೋಣ. 1987ರ ಟಾಡಾ ಕಾಯಿದೆಯನ್ನು ಭಯೋತ್ಪಾದಕರಿಗಾಗಿ ರಚಿಸಲಾಗಿತ್ತು. ಅದನ್ನು ಗೂಂಡಾ ಗುಂಪುಗಳ ಮೇಲೂ ಪ್ರಯೋಗಿಸಿದರು. ಆಗ ಥಾಣೆ ಜಿಲ್ಲೆಗೇ ಸೇರಿದ್ದ ವಸಯಿ-ವಿರಾರ್ ಪ್ರದೇಶದ ಪ್ರಕರಣಗಳಲ್ಲಿ 1994ರಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು, ಸಾಮಾನ್ಯ ಕಾನೂನಿನ ವ್ಯಾಪ್ತಿಗೆ ಬರುವ ಎಲ್ಲ ಅಪರಾಧವನ್ನೂ ಭಯೋತ್ಪಾದನೆ ಎನ್ನಲಾಗದು ಎಂದು ಎಚ್ಚರಿಸಿತು. ಮರುವರ್ಷ ಟಾಡಾ ಕಾಲಾವಧಿ ಮುಗಿದು ಇಲ್ಲವಾಯಿತು. 1999ರಲ್ಲಿ ಮಹಾರಾಷ್ಟ್ರ ತನ್ನದೇ ಆದ ಸಂಘಟಿತ ಅಪರಾಧ ನಿಯಂತ್ರಣ ಕಾಯಿದೆಯನ್ನು, ಅಂದರೆ ಮೋಕ್ಕಾವನ್ನು, ತಂದಿತು.

ಮೋಕ್ಕಾದ ಹೊಸತನವೆಂದರೆ ಅದು ಬಿಡಿ ಘಟನೆಯನ್ನಲ್ಲ, ಸರಪಳಿಯನ್ನು ನೋಡುತ್ತದೆ. ಬೆದರಿಕೆಯ ಕರೆ ವಿದೇಶದಿಂದ, ಗುಂಡು ಹಾರಿಸುವ ಹುಡುಗ ಕಲ್ಯಾಣದಿಂದ, ಹಣ ಕೈ ಬದಲಾಯಿಸುವುದು ವಾಶಿಯಲ್ಲಿ ಎಂದಿಟ್ಟುಕೊಳ್ಳಿ. 1981ರಿಂದ ಇರುವ ಥಾಣೆ ಪೊಲೀಸ್ ಆಯುಕ್ತಾಲಯ ಒಂದು ತುಂಡನ್ನು ಕಾಣುತ್ತದೆ, 1994ರಲ್ಲಿ ಸ್ಥಾಪಿತವಾದ ನವಿ ಮುಂಬಯಿ ಆಯುಕ್ತಾಲಯ ಇನ್ನೊಂದನ್ನು. ಹತ್ತು ವರ್ಷಗಳೊಳಗೆ ಒಂದಕ್ಕಿಂತ ಹೆಚ್ಚು ಆರೋಪಪಟ್ಟಿಗಳಿದ್ದರೆ ಆ ತುಂಡುಗಳನ್ನೆಲ್ಲ ಒಂದೇ ಕೂಟದ ಕೃತ್ಯವೆಂದು ಜೋಡಿಸಲು ಮೋಕ್ಕಾ ಅವಕಾಶ ನೀಡುತ್ತದೆ. 2000ದಲ್ಲಿ ಕರ್ನಾಟಕವೂ ಇದೇ ಮಾದರಿಯ ಕಾಯಿದೆ ರಚಿಸಿತು. ಗೌರಿ ಲಂಕೇಶರ ಹತ್ಯೆಯ ಪ್ರಕರಣದಲ್ಲಿ 2021ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಹಿಂದಿನ ಆರೋಪಪಟ್ಟಿಗಳು ಕೂಟದ ಮೇಲಿದ್ದರೆ ಸಾಕು, ಒಬ್ಬೊಬ್ಬ ಸದಸ್ಯನ ಮೇಲೂ ಬೇರೆಬೇರೆಯಾಗಿ ಇರಬೇಕಿಲ್ಲ ಎಂದು ಸ್ಪಷ್ಟಪಡಿಸಿತು.

ಆದರೆ ಈ ಆಯುಧ ಬಹಳ ಹರಿತವಾದುದು. ಹಿರಿಯ ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನೇ ಸಾಕ್ಷ್ಯವಾಗಿ ಸ್ವೀಕರಿಸಬಹುದು. ಜಾಮೀನು ಅತಿ ದುರ್ಲಭ. ಅದಕ್ಕಾಗಿಯೇ ಕಾಯಿದೆಯಲ್ಲಿ ಎರಡು ಬೀಗಗಳಿವೆ: ಪ್ರಕರಣ ದಾಖಲಿಸುವ ಮುನ್ನ ಉಪ ಮಹಾನಿರೀಕ್ಷಕರ ದರ್ಜೆಯವರ ಅನುಮೋದನೆ, ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳುವ ಮುನ್ನ ಹೆಚ್ಚುವರಿ ಮಹಾನಿರ್ದೇಶಕರ ದರ್ಜೆಯವರ ಮಂಜೂರಾತಿ. ಈ ಬೀಗಗಳು ಸಡಿಲವಾದರೆ ಬಸ್ತಿಯ ಬಡ ಹುಡುಗ ಒಳಗೆ ಕೊಳೆಯುತ್ತಾನೆ, ದೂರದ ಯಜಮಾನ ಹೊರಗೆ ಉಳಿಯುತ್ತಾನೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 111ನೆಯ ವಿಧಿ ಸಂಘಟಿತ ಅಪರಾಧವನ್ನು ದೇಶದಾದ್ಯಂತ ಪ್ರತ್ಯೇಕ ಅಪರಾಧವನ್ನಾಗಿಸಿರುವುದರಿಂದ ಈ ಎಚ್ಚರ ಇನ್ನಷ್ಟು ಅಗತ್ಯ.

ಇಷ್ಟು ಕಠಿಣ ಕಾಯಿದೆಯೂ ಸಾಕ್ಷಿಯಿಲ್ಲದೆ ಕುಂಟುತ್ತದೆ. ಸಾಕ್ಷಿ ಎಂದರೆ ಯಾರು? ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ನಾವೇ. "ದೂರು ಕೊಡಿ" ಎಂದು ವೇದಿಕೆಯ ಮೇಲೆ ನಿಂತು ಹೇಳುವುದು ಸುಲಭವೆಂಬುದನ್ನು ಬಲ್ಲೆ. ಮುಂಬಯಿಯ ಗಾಮದೇವಿಯಲ್ಲಿ ಗೋಲ್ಡನ್ ಕ್ರೌನ್ ಹೋಟೆಲು ನಡೆಸುತ್ತಿದ್ದ ಜಯ ಶೆಟ್ಟಿಯವರಿಗೆ ಬೆದರಿಕೆಗಳಿದ್ದವು. ಪೊಲೀಸ್ ರಕ್ಷಣೆ ದೊರಕಿತ್ತು. ಅದನ್ನು ಹಿಂತೆಗೆದುಕೊಂಡ ಕೆಲಕಾಲದಲ್ಲೇ, 2001ರ ಮೇ 4ರಂದು, ಅವರನ್ನು ಅವರ ಹೋಟೆಲಿನಲ್ಲೇ ಗುಂಡಿಕ್ಕಿ ಕೊಂದರು. ಛೋಟಾ ರಾಜನ್‌ಗೆ ಮೋಕ್ಕಾ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿದ್ದು 2024ರ ಮೇ 30ರಂದು. ನಡುವೆ ಸಂದದ್ದು 23 ವರ್ಷ! ಅದೇ ವರ್ಷ ಉಚ್ಚ ನ್ಯಾಯಾಲಯ ಅವನಿಗೆ ನೀಡಿದ ಜಾಮೀನನ್ನು 2025ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿತು.

ಈ ಪ್ರಕರಣದಿಂದ "ಬಾಯಿ ಬಿಟ್ಟವನು ಸತ್ತ" ಎಂಬ ಪಾಠವನ್ನು ಕಲಿಯುವವರಿದ್ದಾರೆ. ನಾನು ಕಲಿಯುವ ಪಾಠ ಬೇರೆ: ಬೆದರಿಕೆಯನ್ನು ಎದುರಿಸುವವನು ಒಂಟಿಯಾಗಿರಬಾರದು. ಒಬ್ಬನ ದೂರು ಒಬ್ಬನ ಸಾಹಸ. ಹತ್ತು ಮಂದಿಯ ದೂರು ಒಂದು ಮೊಕದ್ದಮೆ. 2018ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ಅಂಗೀಕರಿಸಿ ದೇಶಕ್ಕೆಲ್ಲ ಅನ್ವಯಿಸಿತು. ಅದರಂತೆ ಬೆದರಿಕೆಗೊಳಗಾದ ಸಾಕ್ಷಿ ರಕ್ಷಣೆ ಕೋರಿ ಅರ್ಜಿ ಸಲ್ಲಿಸಬಹುದು. ಈ ಸಂಗತಿಯನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

ಆದ್ದರಿಂದ ಸಂಘದ ಮುಂದೆ ನನ್ನ ವಿನಂತಿ ಸರಳ. ಬೆದರಿಕೆ ಬಂದವರು ಕರೆಯ ದಿನ, ವೇಳೆ, ಸಂಖ್ಯೆ, ಆಡಿದ ಮಾತು ಇವನ್ನು ಅಂದೇ ಬರೆದಿಡಲಿ. "ನಾನು ಮಾತನಾಡಿ ಕಡಿಮೆ ಮಾಡಿಸುತ್ತೇನೆ" ಎಂದು ಮುಂದೆ ಬರುವ ಮಧ್ಯಸ್ಥನನ್ನು ದೂರವಿಡಲಿ. ಕೊಟ್ಟ ಹಣ ಶಾಂತಿಯನ್ನು ತರದು, ಮುಂದಿನ ಕರೆಯನ್ನು ತಂದೀತು. ದೂರು ಕೊಡಲು ಹೊರಟವನ ಜೊತೆಯಲ್ಲಿ ಠಾಣೆಗೆ ಸಂಘದ ಇಬ್ಬರು, ಒಬ್ಬ ವಕೀಲರು ನಡೆಯಲಿ. ವಿಚಾರಣೆ ಎಷ್ಟು ವರ್ಷ ನಡೆದರೂ ಆ ಇಬ್ಬರ ಸ್ಥಾನ ಖಾಲಿ ಬೀಳದಿರಲಿ.

ರಾಜ್ಯೋತ್ಸವದ ದಿನ ಒಟ್ಟಿಗೆ ಸೇರುವ ನಾವು ನ್ಯಾಯಾಲಯದ ಕಟ್ಟೆಯಲ್ಲೂ ಒಟ್ಟಿಗೆ ಕುಳಿತರೆ ಹೊರನಾಡಿನಲ್ಲಿ ಸಂಘ ಕಟ್ಟಿದ್ದಕ್ಕೆ ಸಾರ್ಥಕ.