ನಾಲೆ ತುಂಬಿದೆ, ಗದ್ದೆ ಒಣಗಿದೆ

ಆಂಜಿಯೋಗ್ರಾಂ ಮುಗಿಸಿ, ಸಿ.ಡಿ.ಯನ್ನು ಜವಳಿ ಅಂಗಡಿಯ ಚೀಲದಲ್ಲಿಟ್ಟುಕೊಂಡು ಹೆಂಗಸೊಬ್ಬರು ನನ್ನಲ್ಲಿಗೆ ಬಂದಿದ್ದರು. ರಕ್ತನಾಳದಲ್ಲಿ ಎಲ್ಲೂ ಅಡ್ಡಿಯಿರಲಿಲ್ಲ. 'ಏನೂ ಇಲ್ಲವಂತೆ ಡಾಕ್ಟ್ರೇ' ಎಂದವರ ಮುಖದಲ್ಲಿ ಸಮಾಧಾನವಿರಲಿಲ್ಲ, ಅವಮಾನವಿತ್ತು. ಮನೆಯವರು ದಾರಿಯಲ್ಲೇ ಅಂದಿದ್ದರಂತೆ: 'ಸುಮ್ನೆ ಇಷ್ಟು ದುಡ್ಡು ಹೋಯ್ತು.'

ಈ ಕಥೆ ಹಳೆಯದು. ಅಮೆರಿಕದ ಅಂತರ್ಯುದ್ಧದಲ್ಲಿ ಎದೆನೋವು, ಡವಡವ, ಏದುಸಿರೆಂದು ಬಂದ ಮುನ್ನೂರಕ್ಕೂ ಹೆಚ್ಚು ಸೈನಿಕರನ್ನು ಫಿಲಡೆಲ್ಫಿಯಾದ ವೈದ್ಯ ಡಕೋಸ್ಟಾ ಪರೀಕ್ಷಿಸಿದರು. 1871ರಲ್ಲಿ ಅದನ್ನು 'ಸಿಡುಕು ಹೃದಯ' ಎಂದು ಕರೆದು, ಜ್ವರ, ಭೇದಿ, ಬಿಡುವಿಲ್ಲದ ದಂಡಯಾತ್ರೆಗಳಲ್ಲಿ ಕಾರಣ ಹುಡುಕಿದರು. 1941ರಲ್ಲಿ ಲಂಡನ್ನಿನ ವೈದ್ಯ ಪಾಲ್ ವುಡ್ ಅದೇ ಕಾಯಿಲೆಯ ಬೇರನ್ನು ಭಯದಲ್ಲಿ ಕಂಡರು. ದೇಹ, ಮನಸ್ಸು: ವೈದ್ಯರು ಆಗಿನಿಂದಲೂ ಜೋಕಾಲಿ ಆಡುತ್ತಲೇ ಇದ್ದೇವೆ.

1973ರಲ್ಲಿ ವೈದ್ಯ ಹಾರ್ವೆ ಕೆಂಪ್, ಆಂಜಿಯೋಗ್ರಾಂ ನಾರ್ಮಲ್ ಇದ್ದೂ ಬರುವ ಇಂಥ ನೋವನ್ನು 'ಸಿಂಡ್ರೋಮ್ ಎಕ್ಸ್' ಎಂದರು. ಬೀಜಗಣಿತದ ಎಕ್ಸ್ ಅಲ್ಲ. ಒಂದು ಪ್ರಬಂಧದಲ್ಲಿ ರೋಗಿಗಳ ಗುಂಪಿಗೆ ಕೊಟ್ಟಿದ್ದ ಅಕ್ಷರ, ಅಷ್ಟೇ. ಆಂಜಿಯೋಗ್ರಾಂ ತೋರಿಸುವುದು ದೊಡ್ಡ ನಾಳಗಳನ್ನು. ಅರ್ಧ ಮಿಲಿಮೀಟರಿಗಿಂತ ತೆಳುವಾದವು ಅದರ ಕಣ್ಣಿಗೆ ಬೀಳುವುದಿಲ್ಲ. ಮಂಡ್ಯದ ಕಡೆಯವರಿಗೆ ನಾನು ಹೇಳಬೇಕೇ? ನಾಲೆ ತುಂಬಿ ಹರಿದರೂ ಕೊನೆಯ ಗದ್ದೆ ಒಣಗುವುದುಂಟು. ಆ ಸಣ್ಣ ನಾಳಗಳು ಬೇಕಾದಾಗ ಹಿಗ್ಗದಿದ್ದರೂ ನೋವು ಬರುತ್ತದೆ.

ಇನ್ನು ಗಾಬರಿ. ಉಸಿರು ಜೋರಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಬೆರಳು ಜುಮ್ಮೆನ್ನುತ್ತದೆ, ಎದೆಯ ಸ್ನಾಯು ಬಿಗಿಯುತ್ತದೆ. ಕೆಲವರಲ್ಲಿ ಹೃದಯದ ನಾಳವೇ ಸೆಟೆದುಕೊಳ್ಳುತ್ತದೆ. ಅಂದಮೇಲೆ 'ಮನಸ್ಸಿನದೋ, ದೇಹದ್ದೋ' ಎಂಬ ಪ್ರಶ್ನೆಯೇ ಸೊಟ್ಟ. ನೋವು ಸುಳ್ಳಲ್ಲ, ನಾರ್ಮಲ್ ಎಂದಿದ್ದು ಚಿತ್ರ.

ಹಾಗಂತ ಹೊಸದಾಗಿ ಎದೆ ನೋವು ಬಂದಾಗ ಗ್ಯಾಸ್ಟ್ರಿಕ್ ಅಂದುಕೊಂಡು ಸೋಡಾ ಕುಡಿದು ಮಲಗಬೇಡಿ. ಮೊದಲು ಆಸ್ಪತ್ರೆ, ಇ.ಸಿ.ಜಿ.

ಆ ಹೆಂಗಸನ್ನು ಕೇಳಿದೆ, 'ಯಾವಾಗ ಬರುತ್ತಮ್ಮಾ?' 'ಮೆಟ್ಟಿಲು ಹತ್ತಿದರೆ ಸ್ವಲ್ಪ. ಫೋನ್ ರಿಂಗಾದರೆ ಜಾಸ್ತಿ.' ಮಾತ್ರೆ ಬರೆದೆ, ಆಪ್ತಸಮಾಲೋಚಕರ ಹತ್ತಿರವೂ ಕಳಿಸಿದೆ. ಯಾರ ಫೋನೆಂದು ಕೇಳುವುದು ನನಗೆ ಎರಡನೇ ಭೇಟಿಯವರೆಗೂ ತೋಚಲಿಲ್ಲ. ಮಗನ ಸಾಲ ವಸೂಲಿಗೆ ಬೆನ್ನುಬಿದ್ದವರದಂತೆ.