ತಾರಸಿಯ ತೊಟ್ಟಿಯೂ ಅಡುಗೆಮನೆಯ ನಲ್ಲಿಯೂ

ಅಡುಗೆಮನೆಯ ನಲ್ಲಿಯೂ ಒಂದು ಭಾಷಣಕ್ಕೆ ವಸ್ತುವೇ ಎಂದು ಕೆಲವರಿಗೆ ನಗು ಬಂದೀತು. ಚಿಕ್ಕಲಸಂದ್ರದ ಮೇಲಂತಸ್ತಿನಲ್ಲಿ ಒಲೆ ಹೂಡಿದವರು ನಗಲಾರರು.

ಕಾವೇರಿ ನಮ್ಮಲ್ಲಿಗೆ ತಾನಾಗಿ ಹರಿದು ಬಂದವಳಲ್ಲ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳ ಪಂಪುಗಳು ಆಕೆಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಎತ್ತಿ ತರುತ್ತವೆ. ಇಷ್ಟು ರಭಸದಿಂದ ಬಂದ ನೀರು ಮನೆಮುಂದಿನ ಸಂಪಿಗೆ ಬಿದ್ದೊಡನೆ ಆ ಒತ್ತಡವೆಲ್ಲ ಮುಗಿಯಿತು. ಅಲ್ಲಿಂದ ಮುಂದೆ ನಮ್ಮ ಮೋಟಾರು, ನಮ್ಮ ತಾರಸಿಯ ತೊಟ್ಟಿ. ತೊಟ್ಟಿಯ ನೀರಿನ ಮಟ್ಟ ನಲ್ಲಿಗಿಂತ ಎಷ್ಟು ಮೇಲಿದೆಯೋ ಅಷ್ಟೇ ನಲ್ಲಿಯ ಬಲ.

ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ಮೇಲಂತಸ್ತಿನ ನಲ್ಲಿಗೂ ತೊಟ್ಟಿಯ ನೀರಿಗೂ ಮೂರು ಮೀಟರ್ ಅಂತರವಿದ್ದರೆ 0.3 ಬಾರ್, ಮೂರು ಅಂತಸ್ತು ಕೆಳಗೆ 1.2 ಬಾರ್. ಬಾಡಿಗೆಯವರನ್ನು ಕೆಳಗಿರಿಸಿ ತಾವು ಮೇಲೇರಿದ ಮನೆಯೊಡೆಯರಿಗೆ ನೀರಿನ ಲೆಕ್ಕದಲ್ಲಿ ಕಡೆಯ ಪಂಕ್ತಿ! ಒತ್ತಡ ನಾಲ್ಕು ಪಟ್ಟಾದರೂ ನೀರು ಹೆಚ್ಚುವುದು ಎರಡೇ ಪಟ್ಟು ಎಂಬುದು ಅವರಿಗಿರುವ ಸಮಾಧಾನ.

ನಮ್ಮ ನೆರೆಯ ವೃದ್ಧ ಗೃಹಿಣಿಯೊಬ್ಬರ ಮನೆಗೆ ಗೃಹಪ್ರವೇಶದ ಹೊತ್ತಿನಲ್ಲಿ ಮಕ್ಕಳು ಹಂಸದ ಕೊರಳಿನಂಥ ನಲ್ಲಿಯೊಂದನ್ನು ತಂದು ಹಾಕಿಸಿದರು. ಒಂದು ಬಾರ್ ಒತ್ತಡವಾದರೂ ಬೇಕೆಂದು ಅದರ ಪೆಟ್ಟಿಗೆಯ ಮೇಲೆಯೇ ಅಚ್ಚಾಗಿತ್ತು. ಒಳಗಿನ ಕೊಳವೆ ಪೆನ್ಸಿಲಿನಷ್ಟು ಸಣ್ಣದು. ನೀರು ನೂಲಿನಂತೆ ಇಳಿಯುತ್ತಿತ್ತು. ಆ ತಾಯಿ ಬಚ್ಚಲಿನ ಹಳೆಯ ಹಿತ್ತಾಳೆ ನಲ್ಲಿಯಲ್ಲಿ ಬಿಂದಿಗೆ ತುಂಬಿ, ಸೊಂಟ ಹಿಡಿದುಕೊಂಡು ಅಡುಗೆಮನೆಗೆ ಹೊರುತ್ತಿದ್ದರು. ತೊಟ್ಟಿಯೂ ಅದೇ, ನೀರೂ ಅದೇ. ಬಚ್ಚಲಿನ ನಲ್ಲಿ ಕೊಂಚ ತಗ್ಗಿನಲ್ಲಿತ್ತು, ಅದರ ಗಂಟಲು ಅಗಲವಾಗಿತ್ತು.

ಆದ್ದರಿಂದ ಅಂಗಡಿಗೆ ಹೊರಡುವ ಮುನ್ನ ಐದು ಲೀಟರಿನ ಪಾತ್ರೆಯೊಂದನ್ನೂ ಗಡಿಯಾರವನ್ನೂ ಹಿಡಿದು, ಈಗಿರುವ ನಲ್ಲಿಯನ್ನು ಪೂರ್ತಿ ತಿರುಗಿಸಿ ನೋಡಿ. ಪಾತ್ರೆ ತುಂಬಲು ನಿಮಿಷಕ್ಕಿಂತ ಹೆಚ್ಚು ಹಿಡಿದರೆ, ಮೊದಲು ಕೊಳವೆಯಲ್ಲಿ ಕಸ ಕಟ್ಟಿದೆಯೇ, ಕೆಳಗಿನ ವಾಲ್ವು ಅರ್ಧ ಮುಚ್ಚಿದೆಯೇ ಎಂದು ನೋಡಬೇಕು. ಅದೆಲ್ಲ ಸರಿಯಿದ್ದಲ್ಲಿ ನಲ್ಲಿ ಸರಳವಾಗಿರಲಿ: ಒಳದಾರಿ ಅಗಲ, ತಿರುವು ಕಡಿಮೆ. ಎಳೆದು ತುಂತುರು ಸಿಂಪಡಿಸುವ ನಲ್ಲಿಗಳ ಗೋಜು ಬೇಡ. ತೊಟ್ಟಿಯನ್ನು ಒಂದು ಮೀಟರ್ ಎತ್ತರಿಸಿದರೂ 0.3 ಬಾರ್ 0.4 ಆಗುತ್ತದೆ. ಒತ್ತಡದ ಪಂಪು ಕಡೆಯ ಉಪಾಯ. ಅದಕ್ಕೆ ವಿದ್ಯುತ್ತು ಬೇಕು.

ಏರೇಟರಿನ ಮಾತೊಂದಿದೆ. 2024ರ ಬರಗಾಲದಲ್ಲಿ, ಮಾರ್ಚ್ ತಿಂಗಳು, ಜಲಮಂಡಳಿಯು ವಾಣಿಜ್ಯ ಕಟ್ಟಡ, ವಸತಿ ಸಮುಚ್ಚಯಗಳ ನಲ್ಲಿಗಳಿಗೆ ಅದನ್ನು ಕಡ್ಡಾಯ ಮಾಡಿತು. ಒತ್ತಡ ಹೆಚ್ಚಿರುವ ಕೆಳ ಅಂತಸ್ತಿನಲ್ಲಿ ಅದು ನಿಜವಾಗಿಯೂ ನೀರುಳಿಸುವ ಸಾಧನ. ಮೇಲಂತಸ್ತಿನಲ್ಲಿ ಮೊದಲೇ ಸಣ್ಣಗೆ ಬರುವ ನೀರನ್ನು ಅದು ಇನ್ನಷ್ಟು ಕಟ್ಟಿಹಾಕೀತು. ಅಲ್ಲಿ ಕಡಿಮೆ ಒತ್ತಡಕ್ಕೆಂದೇ ಮಾಡಿದ್ದನ್ನು ಕೇಳಿ ತರಬೇಕು. ಕೊಳವೆಬಾವಿಯ ಗಡಸು ನೀರಿನಿಂದ ಅದರ ಜಾಲರಿಯಲ್ಲಿ ಸುಣ್ಣ ಕೂರುತ್ತದೆ. ಆಗಾಗ ಬಿಚ್ಚಿ, ಹುಣಸೆಹುಳಿಯ ನೀರಿನಲ್ಲಿ ನೆನೆಸಿ ಉಜ್ಜಿದರೆ ಬಿಡುತ್ತದೆ.